ಮೊದಲು ವಾಪಸು ಬರುವ ದಾರಿ

2012ರ ಆಗಸ್ಟ್ 1. ನ್ಯೂಯಾರ್ಕ್ ಷೇರುಪೇಟೆ ಬೆಳಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆದಾಗ ನಮ್ಮಲ್ಲಿ ಸಂಜೆ ಏಳು ಗಂಟೆ. ನೈಟ್ ಕ್ಯಾಪಿಟಲ್ ಎಂಬ ದಲ್ಲಾಳಿ ಸಂಸ್ಥೆಯ ಎಂಟು ಸರ್ವರ್‌ಗಳು ಆ ದಿನ ಹೊಸ ಸಾಫ್ಟ್‌ವೇರ್ ಇಟ್ಟುಕೊಂಡು ವಹಿವಾಟು ಶುರು ಮಾಡಬೇಕಿತ್ತು. ಏಳು ಸರ್ವರ್‌ಗಳಲ್ಲಿ ಹೊಸದು ಇತ್ತು. ಎಂಟನೆಯದರಲ್ಲಿ ಇರಲಿಲ್ಲ. ಹಾಕಬೇಕಾದ ತಂತ್ರಜ್ಞರಿಂದ ಅದೊಂದು ಬಿಟ್ಟುಹೋಗಿತ್ತು. ಇನ್ನೊಬ್ಬರು ಕಣ್ಣಾಡಿಸಿರಲಿಲ್ಲ, ಕಣ್ಣಾಡಿಸಲೇಬೇಕೆಂಬ ಲಿಖಿತ ನಿಯಮವೂ ಅಲ್ಲಿರಲಿಲ್ಲ.

ಆ ಎಂಟನೆಯ ಸರ್ವರ್‌ನಲ್ಲಿ ‘ಪವರ್ ಪೆಗ್’ ಎಂಬ ಹಳೆಯ ಕೋಡ್ ಮಲಗಿತ್ತು. ಅದರ ಬಳಕೆ ನಿಂತದ್ದು 2003ರಲ್ಲಿ, ಆದರೆ ಕೋಡನ್ನು ಯಾರೂ ಅಳಿಸಿರಲಿಲ್ಲ. ಅದನ್ನು ಎಬ್ಬಿಸಲು ಬಳಸುತ್ತಿದ್ದ ಫ್ಲ್ಯಾಗನ್ನೇ, ಅಂದರೆ ಕೋಡಿನೊಳಗಿನ ಸ್ವಿಚ್ಚನ್ನೇ, ಹೊಸ ಸಾಫ್ಟ್‌ವೇರ್ ಬೇರೊಂದು ಕೆಲಸಕ್ಕೆ ಬಳಸಿಕೊಂಡಿತು. ಹಾಗಾಗಿ ಒಂದೇ ಸೂಚನೆ ಏಳು ಸರ್ವರ್‌ಗಳಿಗೆ ಹೊಸ ಅರ್ಥದಲ್ಲಿ ಕೇಳಿಸಿತು, ಎಂಟನೆಯದಕ್ಕೆ ಹಳೆಯ ಅರ್ಥದಲ್ಲಿ. ಆರ್ಡರ್ ಪೂರ್ತಿಯಾಯಿತು, ಇನ್ನು ನಿಲ್ಲಿಸು ಎಂದು ಹೇಳುವ ಲೆಕ್ಕದ ಭಾಗವನ್ನು 2005ರಲ್ಲೇ ಬೇರೆ ಕಡೆಗೆ ಸರಿಸಿದ್ದರಿಂದ ಪವರ್ ಪೆಗ್‌ಗೆ ನಿಲ್ಲುವುದೇ ಗೊತ್ತಿರಲಿಲ್ಲ. ಸುಮಾರು 45 ನಿಮಿಷದಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆದುಹೋಯಿತು. ನಷ್ಟ 46 ಕೋಟಿ ಡಾಲರ್ ದಾಟಿತು. ಪೇಟೆ ತೆರೆಯುವ ಮೊದಲೇ ಪವರ್ ಪೆಗ್ ಹೆಸರು ಹೊತ್ತ 97 ಇಮೇಲ್‌ಗಳು ಸಿಬ್ಬಂದಿಯ ಡಬ್ಬಿಗೆ ಬಂದು ಬಿದ್ದಿದ್ದವು. ಅವನ್ನು ಎಚ್ಚರಿಕೆ ಎಂದು ಓದುವ ಪರಿಪಾಠ ಇರಲಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಕಥೆ ಹೇಳುವಾಗ ಎರಡು ಅಂಶಗಳ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ನೈಟ್ ಸಂಸ್ಥೆ ಹೊಸ ಕೋಡನ್ನು ಒಂದೇ ಏಟಿಗೆ ಹಾಕಿರಲಿಲ್ಲ. ಜುಲೈ 27ರಿಂದ ದಿನಕ್ಕೆ ಕೆಲವು ಸರ್ವರ್‌ಗಳಂತೆ ಹಂತಹಂತವಾಗಿಯೇ ಹಾಕುತ್ತ ಬಂದಿತ್ತು. ಅಷ್ಟೇ ಅಲ್ಲ, ತೊಂದರೆ ಕಂಡ ಕೂಡಲೇ ವಾಪಸು ಹೋಗುವ ಕೆಲಸವನ್ನೂ ಮಾಡಿತು. ಸರಿಯಾಗಿದ್ದ ಏಳು ಸರ್ವರ್‌ಗಳಿಂದ ಹೊಸ ಕೋಡನ್ನು ತೆಗೆದುಹಾಕಿದರು. ಫ್ಲ್ಯಾಗ್ ಮಾತ್ರ ಹಾಗೇ ಉಳಿದಿತ್ತು. ಅಲ್ಲಿಯವರೆಗೆ ಒಂದು ಸರ್ವರ್ ಮಾಡುತ್ತಿದ್ದ ಅನಾಹುತವನ್ನು ಈಗ ಎಂಟೂ ಮಾಡತೊಡಗಿದವು. ಹಂತಹಂತದ ಬಿಡುಗಡೆ, ಕೂಡಲೇ ರೋಲ್‌ಬ್ಯಾಕ್: ಪಠ್ಯಪುಸ್ತಕ ಹೇಳುವ ಎರಡು ಮದ್ದುಗಳೂ ಅಲ್ಲಿದ್ದವು. ಎರಡೂ ಕೈಹಿಡಿಯಲಿಲ್ಲ.

ಓಡುತ್ತಿರುವ ಅಪ್ಲಿಕೇಶನ್‌ನ ಹಳೆಯ ಆವೃತ್ತಿ ತೆಗೆದು ಹೊಸತನ್ನು ಕೂರಿಸುವುದಕ್ಕೆ ನಮ್ಮ ಆಫೀಸುಗಳಲ್ಲಿ ಡಿಪ್ಲಾಯ್‌ಮೆಂಟ್ ಎನ್ನುತ್ತೇವೆ. ಸಂತೆ ನಡೆಯುತ್ತಿರುವಾಗಲೇ ತಕ್ಕಡಿ ಬದಲಿಸುವ ಕೆಲಸ ಅದು. ಗಿರಾಕಿಗಳು ಸಾಲಿನಲ್ಲಿದ್ದಾರೆ, ಹಳೆಯ ತಕ್ಕಡಿಯಲ್ಲಿ ಅರ್ಧ ತೂಗಿದ ಸಾಮಾನು ಇನ್ನೂ ಇದೆ. ತನ್ನ ವ್ಯವಸ್ಥೆಗಳಲ್ಲಿ ಆಗುವ ಅಡಚಣೆಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಓಡುತ್ತಿರುವ ವ್ಯವಸ್ಥೆಯಲ್ಲಿ ಮಾಡಿದ ಬದಲಾವಣೆಯೇ ಕಾರಣ ಎಂದು ಗೂಗಲ್ 2016ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರೆದುಕೊಂಡಿದೆ. ಯಂತ್ರ ತಾನಾಗಿ ಕೆಡುವುದಕ್ಕಿಂತ ಮನುಷ್ಯ ಮುಟ್ಟಿದ್ದರಿಂದ ಕೆಡುವುದೇ ಜಾಸ್ತಿ.

ಮುಟ್ಟದೆ ಇರಲು ಆಗುವುದಿಲ್ಲವಾದ್ದರಿಂದ ಹೇಗೆ ಮುಟ್ಟಬೇಕು ಎಂಬುದಕ್ಕೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಹಲವು ಪದ್ಧತಿಗಳು ಹುಟ್ಟಿಕೊಂಡವು. ಬ್ಲೂ-ಗ್ರೀನ್, ರೋಲಿಂಗ್, ಕ್ಯಾನರಿ, ಫೀಚರ್ ಫ್ಲ್ಯಾಗ್, ಶ್ಯಾಡೋ. ಯಾವುದು ಒಳ್ಳೆಯದು ಎಂದು ಕೇಳುವವರು ನನಗೆ ವಾರಕ್ಕೊಬ್ಬರು ಸಿಗುತ್ತಾರೆ. ಅವರಿಗೆ ನಾನು ಕೇಳುವುದು ಎರಡು ಪ್ರಶ್ನೆ. ತಪ್ಪಾಗಿದೆ ಎಂದು ನಿಮಗೆ ಗೊತ್ತಾಗುವ ಹೊತ್ತಿಗೆ ಎಷ್ಟು ಜನಕ್ಕೆ ಅದು ತಟ್ಟಿರುತ್ತದೆ? ಗೊತ್ತಾದ ಮೇಲೆ ವಾಪಸು ಬರಲು ದಾರಿ ಇದೆಯಾ, ಆ ದಾರಿಯಲ್ಲಿ ಒಮ್ಮೆಯಾದರೂ ನಡೆದು ನೋಡಿದ್ದೀರಾ? ಎಲ್ಲ ಪದ್ಧತಿಗಳೂ ಮೊದಲ ಪ್ರಶ್ನೆಗೆ ಬಗೆಬಗೆಯ ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರವನ್ನು ನಾವೇ ಕಟ್ಟಿಕೊಳ್ಳಬೇಕು.

ಎಲ್ಲಕ್ಕಿಂತ ಹಳೆಯದು, ನಿಲ್ಲಿಸಿ ಬದಲಿಸುವುದು. ಬೋರ್ಡು ನೇತುಹಾಕಿ, ಹಳೆಯದನ್ನು ಬಂದ್ ಮಾಡಿ, ಹೊಸದನ್ನು ತಂದು ಕೂರಿಸಿ, ಬಾಗಿಲು ತೆರೆಯುವುದು. ನಮ್ಮಲ್ಲಿ ಬಹಳ ಜನಕ್ಕೆ ನೆನಪಿರುವ ಉದಾಹರಣೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್. 2021ರ ಜೂನ್ 1ರಿಂದ 6ರವರೆಗೆ ಹಳೆಯದನ್ನು ಮುಚ್ಚಿ, 7ರಂದು ಬೆಂಗಳೂರಿನ ಇನ್ಫೊಸಿಸ್ ಕಟ್ಟಿದ ಹೊಸ ಪೋರ್ಟಲನ್ನು ಇಡೀ ದೇಶಕ್ಕೆ ಒಂದೇ ದಿನ ತೆರೆದರು. ಮೊದಲ ದಿನದಿಂದಲೇ ದೂರು. ಆಗಸ್ಟ್‌ನಲ್ಲಿ ಎರಡು ದಿನ ಪೋರ್ಟಲ್ ಸಿಗದೇಹೋದಾಗ ಹಣಕಾಸು ಸಚಿವೆ ಸಂಸ್ಥೆಯ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿದರು. ರಿಟರ್ನ್ ಸಲ್ಲಿಸುವ ಕೊನೆಯ ದಿನ ಮುಂದಕ್ಕೆ ಹೋಗಿ ಹೋಗಿ ಡಿಸೆಂಬರ್ 31 ತಲುಪಿತು. ಹೊಸ ವ್ಯವಸ್ಥೆಯಲ್ಲಿ ದೋಷ ಇರುವುದು ಸಹಜ, ಅದಕ್ಕಾಗಿ ಅಲ್ಲಿನ ಎಂಜಿನಿಯರುಗಳನ್ನು ನಾನು ದೂರಲಾರೆ. ನನ್ನನ್ನು ಕಾಡುವುದು ದೋಷ ಕಂಡಾಗ ಹಳೆಯ ಬಾಗಿಲಿಗೆ ಮರಳುವ ದಾರಿ ತೆರಿಗೆದಾರನಿಗೆ ಇಲ್ಲದೇಹೋದದ್ದು.

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನದು ಇನ್ನೂ ಕಹಿ. 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರ ಖಾತೆಗಳನ್ನು ಬಹುಪಾಲು ಒಂದೇ ಸಲಕ್ಕೆ ಹೊಸ ವ್ಯವಸ್ಥೆಗೆ ಸಾಗಿಸಿತು. ಸೋಮವಾರದ ಹೊತ್ತಿಗೆ ಲಕ್ಷಾಂತರ ಜನಕ್ಕೆ ತಮ್ಮ ಖಾತೆಯೇ ತೆರೆಯಲಿಲ್ಲ. ಹೀಗೆ ಹೊರಗುಳಿದವರು ಸುಮಾರು 19 ಲಕ್ಷ. ವ್ಯವಹಾರ ಮಾಮೂಲಿಗೆ ಬರಲು ಡಿಸೆಂಬರ್ ಆಯಿತು. 2022ರಲ್ಲಿ ಅಲ್ಲಿನ ನಿಯಂತ್ರಕರು 4.86 ಕೋಟಿ ಪೌಂಡ್ ದಂಡ ವಿಧಿಸಿದರು. ಒಂದೇ ಸಲಕ್ಕೆ ಸಾಗಿಸುವ ನಿರ್ಧಾರವನ್ನು ಸಾಕಷ್ಟು ಪ್ರಶ್ನಿಸಲಿಲ್ಲ ಎಂಬುದು ನಂತರದ ಸ್ವತಂತ್ರ ತನಿಖೆಯ ಮುಖ್ಯ ಆಕ್ಷೇಪಗಳಲ್ಲೊಂದು.

ಹಾಗೆಂದು ಈ ಪದ್ಧತಿಯನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲ. ರಾತ್ರಿ ಹತ್ತಕ್ಕೆ ಎಲ್ಲರೂ ಮನೆಗೆ ಹೋಗುವ ಒಂದು ಕಾರ್ಖಾನೆಯ ಹಾಜರಿ ಸಾಫ್ಟ್‌ವೇರ್‌ಗೆ, ಒಂದು ಶಾಲೆಯ ಶುಲ್ಕದ ಲೆಕ್ಕಕ್ಕೆ ಇದು ಸಾಕು. ಎರಡು ಆವೃತ್ತಿ ಒಟ್ಟಿಗೆ ಓಡುವ ಗೋಜಲು ಇಲ್ಲಿ ಇಲ್ಲವೇ ಇಲ್ಲ, ಅದೇ ಇದರ ದೊಡ್ಡ ಅನುಕೂಲ. ಬ್ಯಾಕಪ್ ತೆಗೆದು, ಅದು ನಿಜವಾಗಿ ಮರಳಿ ತೆರೆಯುತ್ತದೆಯೇ ಎಂದು ನೋಡಿ, ನಿಲ್ಲಿಸಿ ಬದಲಿಸಿದರೆ ತಪ್ಪಿಲ್ಲ.

ನಿಲ್ಲಿಸಲಾಗದವರಿಗೆ ಬಂದದ್ದು ಬ್ಲೂ-ಗ್ರೀನ್. ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲೆ 2010ರಲ್ಲಿ ಬರೆದ ‘ಕಂಟಿನ್ಯುಯಸ್ ಡೆಲಿವರಿ’ ಪುಸ್ತಕದಿಂದ ಈ ಹೆಸರು ಎಲ್ಲೆಡೆ ಹರಡಿತು. ಒಂದೇ ಅಳತೆಯ ಎರಡು ಮನೆ ಕಟ್ಟಿಕೊಳ್ಳುವುದು. ಜನ ನೀಲಿ ಮನೆಯಲ್ಲಿರುವಾಗ ಹಸಿರು ಮನೆಯಲ್ಲಿ ಹೊಸ ಆವೃತ್ತಿ ಹಾಕಿ, ನಾವೇ ಒಳಗೆ ಓಡಾಡಿ ನೋಡಿ, ಆಮೇಲೆ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನಲ್ಲಿ ಸ್ವಿಚ್ ತಿರುಗಿಸುವುದು. ಕೆಟ್ಟರೆ ಸ್ವಿಚ್ ಹಿಂದಕ್ಕೆ. ಖರ್ಚು ಸ್ವಲ್ಪ ಕಾಲ ಇಮ್ಮಡಿ, ಆದರೆ ಈಗ ಸರ್ವರ್‌ಗಳು ಗಂಟೆ ಲೆಕ್ಕದ ಬಾಡಿಗೆಗೆ ಸಿಗುವುದರಿಂದ ಅದು ಮೊದಲಿನಷ್ಟು ಭಾರ ಅನ್ನಿಸುವುದಿಲ್ಲ. ಕೇಳಲು ಇಷ್ಟು ಚೆಂದವಾದ ಪದ್ಧತಿ ಬೇರೆ ಇಲ್ಲ. ನನಗೆ ಏಟು ಬಿದ್ದದ್ದೂ ಇಲ್ಲಿಯೇ.

ಕೆಲವು ವರ್ಷಗಳ ಹಿಂದೆ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಒಂದು ಸಂಸ್ಥೆಯಲ್ಲಿದ್ದೆ. ಬೆಲೆಗಳನ್ನು ರೂಪಾಯಿಯಲ್ಲಿ, ದಶಮಾಂಶ ಹಾಕಿ ಇಡುತ್ತಿದ್ದೆವು. ಕೂಡಿ ಕಳೆಯುವಾಗ ಪೈಸೆಗಳು ಆಚೀಚೆ ಆಗುತ್ತಿದ್ದವು. ಅದಕ್ಕೆ ಸರಿಯಾದ ಪರಿಹಾರ ಎಲ್ಲವನ್ನೂ ಪೈಸೆಯ ಪೂರ್ಣಾಂಕದಲ್ಲಿ ಇಡುವುದು. ಹೊಸ ಆವೃತ್ತಿ ಹಾಗೇ ಬರೆದೆವು. ರಾತ್ರಿ ಒಂದು ಗಂಟೆಗೆ ಡೇಟಾಬೇಸ್‌ನಲ್ಲಿ ಬೆಲೆಯ ಕಾಲಂ ಅನ್ನು ನೂರರಿಂದ ಗುಣಿಸಿ, ಹಸಿರು ಕಡೆಗೆ ಸ್ವಿಚ್ ತಿರುಗಿಸಿ, ಟೀ ಕುಡಿದು ಮಲಗಿದೆವು. ಬೆಳಗ್ಗೆ ಆರೂ ಕಾಲಿಗೆ ಒಂದು ಬಗೆಯ ಪ್ರಿಂಟರ್‌ನಲ್ಲಿ ಬಿಲ್ಲು ಬರುತ್ತಿಲ್ಲ ಎಂದು ಫೋನ್ ಬಂತು. ಯೋಚಿಸುವ ಪ್ರಮೇಯವೇ ಇಲ್ಲ, ವಾಪಸು ಹೋಗೋಣ ಎಂದು ನಾನೇ ಹೇಳಿದೆ. ನಾಲ್ಕು ನಿಮಿಷದಲ್ಲಿ ನೀಲಿಗೆ ಮರಳಿದೆವು. ಪ್ರಿಂಟರ್ ಸರಿಹೋಯಿತು.

ಮುಂದಿನ ಕರೆ ದಾವಣಗೆರೆಯಿಂದ. “ಸರ್, ಅರ್ಧ ಲೀಟರ್ ಹಾಲಿಗೆ ಸಾವಿರದ ಒಂಬೈನೂರು ತೋರ್ಸ್ತೈತ್ರಿ. ಅಂಗಡಿ ಮುಂದೆ ಹತ್ತು ಮಂದಿ ನಿಂತಾರ. ನಾ ಏನ್ ಹೇಳ್ಲಿ?”

ಮನೆಗಳು ಎರಡಿದ್ದವು, ನೆಲಮಾಳಿಗೆ ಒಂದೇ. ಡೇಟಾಬೇಸ್ ಎರಡಕ್ಕೂ ಸೇರಿದ್ದು. ನಾವು ಪೈಸೆ ಮಾಡಿಟ್ಟದ್ದನ್ನು ಹಳೆಯ ಆವೃತ್ತಿ ರೂಪಾಯಿ ಎಂದು ಓದುತ್ತಿತ್ತು. ನೂರರಿಂದ ಭಾಗಿಸಿಬಿಡೋಣ ಎಂದರೆ, ಅಷ್ಟರಲ್ಲಿ ಕೆಲವು ಅಂಗಡಿಯವರು ತಾವೇ ಕೂತು ಬೆಲೆ ತಿದ್ದಿಕೊಳ್ಳಲು ಶುರುಮಾಡಿದ್ದರು. ಅವರ ಹತ್ತೊಂಬತ್ತು ರೂಪಾಯಿಯನ್ನು ಭಾಗಿಸಿದರೆ ಹತ್ತೊಂಬತ್ತು ಪೈಸೆ ಆಗುತ್ತದೆ. ಯಾವ ಸಾಲನ್ನು ಯಾವಾಗ ಯಾರು ತಿದ್ದಿದರು ಎಂದು ಒಂದೊಂದೇ ಹುಡುಕಿ ಸರಿ ಮಾಡಲು ಮಧ್ಯಾಹ್ನ ಮೂರು ದಾಟಿತು. ಮರುದಿನ ಆ ದಾವಣಗೆರೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಆ ಬೆಳಗ್ಗೆ ಹಾಲನ್ನೆಲ್ಲ ಚೀಟಿ ಬರೆದು ಮಾರಿದೆ ಎಂದಷ್ಟೇ ಹೇಳಿದರು.

ಅಂದಿನಿಂದ ನನ್ನ ಮಟ್ಟಿಗೆ ಡಿಪ್ಲಾಯ್‌ಮೆಂಟ್ ಪದ್ಧತಿಯ ಆಯ್ಕೆ ಶುರುವಾಗುವುದು ಡೇಟಾಬೇಸ್‌ನಿಂದ. ಕೋಡ್ ವಾಪಸು ಬರುತ್ತದೆ, ಬರೆದುಹೋದ ಡೇಟಾ ತಾನಾಗಿ ಬರುವುದಿಲ್ಲ. ಇದಕ್ಕೆ ಪರಿಹಾರ ಹೊಸತೇನೂ ಅಲ್ಲ. ಸ್ಕಾಟ್ ಆಂಬ್ಲರ್ ಮತ್ತು ಪ್ರಮೋದ್ ಸಡಲಗೆ 2006ರಲ್ಲೇ ಡೇಟಾಬೇಸನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಬದಲಿಸುವುದರ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದರು. ಮೊದಲು ಹಿಗ್ಗಿಸು, ಕೊನೆಗೆ ಕುಗ್ಗಿಸು ಎಂಬುದು ಅದರ ಸಾರ. ನಮ್ಮ ಪೈಸೆಯ ವಿಷಯವನ್ನೇ ತೆಗೆದುಕೊಳ್ಳಿ. ಹಳೆಯ ಕಾಲಂ ಮುಟ್ಟದೆ ಪಕ್ಕದಲ್ಲಿ ಪೈಸೆಗೆ ಹೊಸ ಕಾಲಂ ಸೇರಿಸಬೇಕಿತ್ತು. ಮುಂದಿನ ಬಿಡುಗಡೆಯಲ್ಲಿ ಎರಡರಲ್ಲೂ ಬರೆಯುವಂತೆ ಮಾಡಬೇಕಿತ್ತು. ಆಮೇಲೆ ಹಳೆಯ ಸಾಲುಗಳಿಗೆಲ್ಲ ಹೊಸ ಕಾಲಂ ತುಂಬಿ, ಎರಡೂ ಹೊಂದುತ್ತಿವೆಯೇ ಎಂದು ದಿನವೂ ತಾಳೆ ನೋಡಿ, ಓದುವುದನ್ನು ಹೊಸದರ ಕಡೆಗೆ ತಿರುಗಿಸಬೇಕಿತ್ತು. ಹಳೆಯ ಕಾಲಂ ಅಳಿಸುವುದು ಎಲ್ಲಕ್ಕಿಂತ ಕೊನೆಗೆ. ಒಂದು ಬಿಡುಗಡೆ ನಾಲ್ಕೈದು ಆಗುತ್ತದೆ, ನಿಜ. ಆದರೆ ಕೊನೆಯದೊಂದನ್ನು ಬಿಟ್ಟರೆ ಯಾವ ಮೆಟ್ಟಿಲಿನಿಂದಲೂ ಒಂದು ಮೆಟ್ಟಿಲು ಕೆಳಗಿಳಿಯಬಹುದು. ಬೇಸರದ ಕೆಲಸ ಎಂದು ಇದನ್ನು ಬಿಡುವವರೇ ಹೆಚ್ಚು. ನಾನೂ ಬಿಟ್ಟವನೇ.

ರೋಲಿಂಗ್ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಈಗ ಅದು ಕೇಳದೆಯೇ ಬರುತ್ತದೆ. ಅಪ್ಲಿಕೇಶನ್‌ನ ಪ್ರತಿಗಳನ್ನು ಓಡಿಸಿ ನೋಡಿಕೊಳ್ಳುವ ಕುಬರ್ನೆಟಿಸ್‌ನಲ್ಲಿ ಬೇರೇನೂ ಹೇಳದಿದ್ದರೆ ನಡೆಯುವುದು ಇದೇ. ಹತ್ತು ಪ್ರತಿಗಳು ಓಡುತ್ತಿದ್ದರೆ ಎಂಟಕ್ಕಿಂತ ಕಡಿಮೆಯಾಗದಂತೆ, ಹದಿಮೂರಕ್ಕಿಂತ ಹೆಚ್ಚಾಗದಂತೆ ಹಳೆಯವನ್ನು ಇಳಿಸುತ್ತ ಹೊಸವನ್ನು ಏರಿಸುತ್ತ ಹೋಗುತ್ತದೆ. ಇಮ್ಮಡಿ ಸರ್ವರ್ ಬೇಡ. ಎಚ್ಚರ ಬೇಕಾದ್ದು ಎರಡು ಕಡೆ. ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೆ ಓಡುತ್ತವೆ, ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗಬೇಕು. ನೈಟ್ ಸಂಸ್ಥೆಯಲ್ಲಿ ಆಗದೇಹೋದದ್ದು ಅದೇ. ಇನ್ನೊಂದು, ಹೊಸ ಪ್ರತಿ ಸಿದ್ಧವಾಗಿದೆಯೇ ಎಂದು ಕೇಳುವ ರೆಡಿನೆಸ್ ಪರೀಕ್ಷೆ. ‘ಎದ್ದಿದ್ದೀಯಾ’ ಎಂದು ಕೇಳಿ ‘ಹೂಂ’ ಅನ್ನಿಸಿಕೊಂಡರೆ ಸಾಲದು. ಡೇಟಾಬೇಸ್ ಸಿಗುತ್ತಿದೆಯೇ, ಒಂದು ನಿಜವಾದ ಕೆಲಸ ಆಗುತ್ತಿದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕೆಟ್ಟ ಆವೃತ್ತಿಯೇ ಅಚ್ಚುಕಟ್ಟಾಗಿ, ಒಂದಾದ ಮೇಲೊಂದರಂತೆ ಎಲ್ಲ ಕಡೆ ಕೂರುತ್ತದೆ.

ಕ್ಯಾನರಿಯ ಹೆಸರು ಗಣಿಯಿಂದ ಬಂದದ್ದು. ಗಣಿ ಸ್ಫೋಟಗಳಲ್ಲಿ ಕಾರ್ಮಿಕರನ್ನು ಕೊಲ್ಲುತ್ತಿದ್ದುದು ಹೆಚ್ಚಾಗಿ ವಿಷಾನಿಲ ಎಂದು 1890ರ ದಶಕದಲ್ಲಿ ತೋರಿಸಿದ ಜಾನ್ ಸ್ಕಾಟ್ ಹಾಲ್ಡೇನ್, ಮನುಷ್ಯನಿಗಿಂತ ಮೊದಲೇ ಅದನ್ನು ಅನುಭವಿಸುವ ಪುಟ್ಟ ಪ್ರಾಣಿಗಳನ್ನು ಜೊತೆಗೆ ಒಯ್ಯುವಂತೆ ಸಲಹೆ ಕೊಟ್ಟರು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು 1986ರವರೆಗೂ ಇದ್ದವು. ಸಾಫ್ಟ್‌ವೇರ್‌ನಲ್ಲಿ ಹೊಸ ಆವೃತ್ತಿಯನ್ನು ಮೊದಲು ನೂರಕ್ಕೆ ಒಬ್ಬರಿಗೆ, ಇಬ್ಬರಿಗೆ ತೋರಿಸಿ, ನೋಡಿಕೊಂಡು, ಹೆಚ್ಚಿಸುತ್ತ ಹೋಗುವುದಕ್ಕೆ ಆ ಹೆಸರು. ಫೇಸ್‌ಬುಕ್ 2017ರಲ್ಲಿ ತಾನು ಅನುಸರಿಸುವ ಕ್ರಮವನ್ನು ವಿವರಿಸಿತ್ತು: ಮೊದಲು ತನ್ನ ನೌಕರರು, ಆಮೇಲೆ ಶೇ 2ರಷ್ಟು ಜನ, ಆಮೇಲೆ ಎಲ್ಲರೂ.

ನನಗೆ ಕ್ಯಾನರಿಗಿಂತ ಹತ್ತಿರದ ಹೋಲಿಕೆ ನಮ್ಮ ಅಡುಗೆಮನೆಯಲ್ಲಿದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು. ಆ ಮಾತು ನಿಜವಾಗುವುದು ಪಾತ್ರೆಯ ತುಂಬ ಒಂದೇ ಅಕ್ಕಿ, ಒಂದೇ ಉರಿ ಇದ್ದಾಗ. ನಮ್ಮ ಬಳಕೆದಾರರು ಹಾಗಿಲ್ಲ. ನೌಕರರ ಕೈಯಲ್ಲಿ ದುಬಾರಿ ಫೋನು, ವೇಗದ ವೈಫೈ. ಹೊಸದುರ್ಗದ ಹಳ್ಳಿಯೊಂದರಲ್ಲಿ ನಾಲ್ಕು ವರ್ಷದ ಹಳೆಯ ಫೋನಿನಲ್ಲಿ ಕನ್ನಡದಲ್ಲಿ ಆ್ಯಪ್ ಬಳಸುವವರಿಗೆ ಬರುವ ತೊಂದರೆ ಆ ಅಗುಳಿನಲ್ಲಿ ಕಾಣುವುದಿಲ್ಲ. ಹೆಸರಿನಲ್ಲಿ ಒತ್ತಕ್ಷರ ಬಂದರೆ ಮಾತ್ರ ಮುರಿಯುವ ಪರದೆ, ಇಂಗ್ಲಿಷಿನಲ್ಲಿ ಬಳಸುವ ನೂರಕ್ಕೆ ಒಬ್ಬರಲ್ಲಿ ಎಷ್ಟು ದಿನ ಕಾದರೂ ಮುರಿಯುವುದಿಲ್ಲ. ಕ್ಯಾನರಿಗೆ ಯಾರನ್ನು ಆರಿಸುತ್ತೇವೆ ಎಂಬುದು ಶೇಕಡಾವಾರು ಎಷ್ಟು ಎಂಬುದಕ್ಕಿಂತ ಮುಖ್ಯ.

ಲೆಕ್ಕದ ತೊಡಕೂ ಒಂದಿದೆ. ಸಾವಿರಕ್ಕೆ ಒಂದು ಕೋರಿಕೆ ಕೆಡುವಂಥ ದೋಷ ಇದೆ ಎನ್ನಿ. ನಿಮ್ಮ ಆ್ಯಪ್‌ಗೆ ಗಂಟೆಗೆ 500 ಕೋರಿಕೆ ಬರುತ್ತವೆ, ಅದರಲ್ಲಿ ಶೇ 1ರಷ್ಟನ್ನು ಕ್ಯಾನರಿಗೆ ಕಳಿಸಿದರೆ ಗಂಟೆಗೆ ಐದು. ಆ ದೋಷ ಸರಾಸರಿ ಒಮ್ಮೆ ಕಾಣಿಸಿಕೊಳ್ಳಲು 200 ಗಂಟೆ ಬೇಕು, ಅಂದರೆ ಎಂಟು ದಿನಕ್ಕೂ ಹೆಚ್ಚು. ಅರ್ಧ ಗಂಟೆ ನೋಡಿ ಎಲ್ಲ ಹಸಿರಾಗಿದೆ ಎಂದು ಮುಂದೆ ಹೋಗುವ ಚಿಕ್ಕ ತಂಡಗಳು ನಿಜಕ್ಕೂ ಏನನ್ನೂ ನೋಡಿರುವುದಿಲ್ಲ. ನೆಟ್‌ಫ್ಲಿಕ್ಸ್ ಮತ್ತು ಗೂಗಲ್ ಸೇರಿ 2018ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ‘ಕಾಯೆಂಟಾ’ದಂಥ ಸಾಧನಗಳು ಹಳೆಯದರ ಅಂಕಿಗಳನ್ನೂ ಹೊಸದರ ಅಂಕಿಗಳನ್ನೂ ತಾವೇ ಹೋಲಿಸಿ ತೀರ್ಪು ಕೊಡುತ್ತವೆ. ಹೋಲಿಸಲು ಬೇಕಾಗುವಷ್ಟು ಸಂಚಾರ ಇದ್ದವರಿಗೆ ಮಾತ್ರ ಅವುಗಳಿಂದ ಉಪಯೋಗ. ಇಲ್ಲದವರು ಶೇ 1 ಬಿಟ್ಟು ನೇರ ಶೇ 20ರಿಂದ ಶುರುಮಾಡಿ, ಒಂದು ಇಡೀ ದಿನ, ಸಾಧ್ಯವಾದರೆ ಸಂಬಳದ ದಿನವೂ ಸೇರುವಂತೆ ಕಾಯುವುದು ಒಳ್ಳೆಯದು.

ಕರ್ನಾಟಕ ಸರ್ಕಾರ ಈ ಪದಗಳಾವುವೂ ಚಾಲ್ತಿಗೆ ಬರುವ ಮೊದಲೇ ಇಂಥದ್ದೊಂದನ್ನು ಮಾಡಿತ್ತು. ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಮೊದಲು ಆಯ್ದ ಕೆಲವೇ ತಾಲ್ಲೂಕುಗಳಲ್ಲಿ ಓಡಿತು. ಅಲ್ಲಿ ಕಲಿತದ್ದನ್ನು ತಿದ್ದಿಕೊಂಡ ಮೇಲೆ 177 ತಾಲ್ಲೂಕುಗಳಿಗೆ ಹೋಯಿತು. ಪ್ರತಿ ತಾಲ್ಲೂಕಿನಲ್ಲೂ ಕಂಪ್ಯೂಟರ್ ದಾಖಲೆ ಸಿದ್ಧವಾದ ಮೇಲೆಯೇ ಅಲ್ಲಿ ಕೈಬರಹದ ಪಹಣಿಯ ಮಾನ್ಯತೆ ನಿಲ್ಲಿಸಿದರು. ತಾಲ್ಲೂಕನ್ನೇ ಗಡಿಯಾಗಿ ಇಟ್ಟುಕೊಂಡದ್ದು ಜಾಣತನ ಎಂದು ನಾನು ಮನಸಾರೆ ಮೆಚ್ಚುತ್ತೇನೆ. ಒಂದು ತಾಲ್ಲೂಕಿನ ರೈತ ಇನ್ನೊಂದು ತಾಲ್ಲೂಕಿನ ಕಚೇರಿಗೆ ಪಹಣಿಗಾಗಿ ಹೋಗುವುದಿಲ್ಲ, ಆದ್ದರಿಂದ ಹಳೆಯದೂ ಹೊಸದೂ ಒಬ್ಬನ ಮೇಲೇ ಬೀಳುವುದಿಲ್ಲ, ತಪ್ಪು ಆ ಎಲ್ಲೆ ದಾಟುವುದಿಲ್ಲ. ಅಮೆಜಾನ್‌ನಂಥ ಕಂಪನಿಗಳು ಹೊಸ ಕೋಡನ್ನು ಮೊದಲು ಒಂದು ಯಂತ್ರಕ್ಕೆ, ಆಮೇಲೆ ಒಂದು ಪ್ರದೇಶಕ್ಕೆ, ಆಮೇಲೆ ಅಲೆಅಲೆಯಾಗಿ ಉಳಿದ ಪ್ರದೇಶಗಳಿಗೆ ಕಳಿಸುವುದರ ಹಿಂದೆ ಇರುವುದೂ ಇದೇ ವಿಚಾರ.

ಇಲ್ಲಿಯವರೆಗಿನ ಪದ್ಧತಿಗಳೆಲ್ಲ ಕೋಡನ್ನು ಸರ್ವರ್‌ಗೆ ಹಾಕುವುದನ್ನೂ ಜನರಿಗೆ ತೋರಿಸುವುದನ್ನೂ ಒಂದೇ ಕ್ರಿಯೆ ಎಂದು ನೋಡಿದವು. ಫೀಚರ್ ಫ್ಲ್ಯಾಗ್ ಅವೆರಡನ್ನೂ ಬೇರೆ ಮಾಡಿತು. ಕೋಡ್ ಒಳಗಿರುತ್ತದೆ, ಆದರೆ ಸ್ವಿಚ್ ಹಾಕುವವರೆಗೆ ಮಲಗಿರುತ್ತದೆ. 2009ರಲ್ಲಿ ಫ್ಲಿಕರ್‌ನ ಜಾನ್ ಆಲ್ಸ್‌ಪಾ ಮತ್ತು ಪಾಲ್ ಹ್ಯಾಮಂಡ್ ದಿನಕ್ಕೆ ಹತ್ತಕ್ಕೂ ಹೆಚ್ಚು ಸಲ ಡಿಪ್ಲಾಯ್ ಮಾಡುತ್ತೇವೆ ಎಂದು ವೇದಿಕೆಯ ಮೇಲೆ ಹೇಳಿದರು. ಅವರಿಗೆ ಆ ಧೈರ್ಯ ಕೊಟ್ಟ ಸಾಧನಗಳಲ್ಲಿ ಇದೂ ಒಂದು. ಅದಕ್ಕೂ ಮೊದಲು, 2008ರಲ್ಲಿ, ಫೇಸ್‌ಬುಕ್ ತನ್ನ ಚಾಟ್ ಸೌಲಭ್ಯ ತರುವಾಗ ಪರದೆಯ ಮೇಲೆ ಏನೂ ಕಾಣದಂತೆ ಬಳಕೆದಾರರ ಪುಟಗಳಿಂದಲೇ ಚಾಟ್ ಸರ್ವರ್‌ಗಳಿಗೆ ಗುಟ್ಟಾಗಿ ಮಾತಾಡಿಸಿ, ಹೊರೆ ತಡೆಯುತ್ತವೆಯೇ ಎಂದು ನೋಡಿತ್ತು.

ವಾಪಸು ಬರುವ ದಾರಿಯಾಗಿ ಫ್ಲ್ಯಾಗ್‌ಗಿಂತ ಚುರುಕಾದದ್ದು ಇಲ್ಲ. ಕೆಲವೇ ಸೆಕೆಂಡುಗಳ ಕೆಲಸ. ಆದರೆ ಪ್ರತಿ ಫ್ಲ್ಯಾಗೂ ಕೋಡಿನಲ್ಲಿ ಒಂದು ಕವಲು. ಹತ್ತು ಫ್ಲ್ಯಾಗ್ ಇದ್ದರೆ ಸಾವಿರದಿಪ್ಪತ್ತನಾಲ್ಕು ಬಗೆಯ ಜೋಡಣೆಗಳು ಸಾಧ್ಯ, ಅಷ್ಟನ್ನೂ ಯಾರೂ ಪರೀಕ್ಷಿಸುವುದಿಲ್ಲ. ಕೆಲಸ ಮುಗಿದ ಫ್ಲ್ಯಾಗ್ ತೆಗೆಯುವುದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನೈಟ್ ಸಂಸ್ಥೆಯ ಕಥೆಯನ್ನು ಈ ಕೋನದಿಂದ ಓದಿದರೆ, ಎಂಟನೆಯ ಸರ್ವರ್ ಬಿಟ್ಟುಹೋದದ್ದು ಒಂದು ದಿನದ ತಪ್ಪು, ಪವರ್ ಪೆಗ್ ಅಳಿಸದೆ ಬಿಟ್ಟದ್ದು ಒಂಬತ್ತು ವರ್ಷದ ತಪ್ಪು.

ಫ್ಲ್ಯಾಗ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2025ರ ಜೂನ್ 12ರಂದು ಗೂಗಲ್ ಕ್ಲೌಡ್ ಜಗತ್ತಿನಾದ್ಯಂತ ಕೆಲವು ಗಂಟೆ ಮುಗ್ಗರಿಸಿತು. ಕಾರಣವಾದ ಕೋಡನ್ನು ಎರಡು ವಾರ ಮೊದಲೇ, ಮೇ 29ರಂದು, ಪ್ರದೇಶದಿಂದ ಪ್ರದೇಶಕ್ಕೆ ಎಚ್ಚರಿಕೆಯಿಂದಲೇ ಹಾಕಿದ್ದರು. ಎಲ್ಲಿಯೂ ಏನೂ ಕೆಡಲಿಲ್ಲ, ಏಕೆಂದರೆ ಆ ಕೋಡ್ ಎಚ್ಚರಗೊಳ್ಳಲು ಬೇಕಾದ ಒಂದು ಬಗೆಯ ದತ್ತಾಂಶ ಅಲ್ಲಿಯವರೆಗೆ ಬಂದಿರಲೇ ಇಲ್ಲ. ಜೂನ್ 12ರಂದು ಖಾಲಿ ಜಾಗಗಳಿದ್ದ ಒಂದು ನಿಯಮ ಡೇಟಾಬೇಸ್‌ಗೆ ಬಂದು, ಸೆಕೆಂಡುಗಳಲ್ಲಿ ಎಲ್ಲ ಪ್ರದೇಶಗಳಿಗೂ ಹರಡಿತು. ಖಾಲಿ ಇದ್ದುದನ್ನು ಹೇಗೆ ಓದಬೇಕೆಂದು ತಿಳಿಯದ ಕೋಡ್ ಎಲ್ಲೆಡೆ ಒಟ್ಟಿಗೆ ಕುಸಿಯಿತು. ಹಂತಹಂತವಾಗಿ ಬಿಟ್ಟದ್ದು ಕೋಡನ್ನು, ಅದನ್ನು ಎಬ್ಬಿಸುವ ಡೇಟಾವನ್ನಲ್ಲ. ಆ ಕೋಡಿಗೆ ಫ್ಲ್ಯಾಗ್‌ನ ರಕ್ಷಣೆ ಇದ್ದಿದ್ದರೆ ಮೊದಲೇ ಸಿಕ್ಕಿಬೀಳುತ್ತಿತ್ತು ಎಂದು ಗೂಗಲ್ ತಾನೇ ಬರೆದುಕೊಂಡಿತು.

ಈ ಬಗೆಯ ಪೆಟ್ಟು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣುತ್ತಿದೆ, ಅದಕ್ಕೇ ಇದರ ಬಗ್ಗೆ ಒತ್ತಿ ಹೇಳುತ್ತಿದ್ದೇನೆ. ಕ್ಲೌಡ್‌ಫ್ಲೇರ್ ಸಂಸ್ಥೆಗೆ ತನ್ನ ಸಾಫ್ಟ್‌ವೇರ್ ಬಿಡಲು ‘ಡಾಗ್’, ‘ಪಿಗ್’, ‘ಕ್ಯಾನರಿ’ ಎಂಬ ಮೂರು ಮೆಟ್ಟಿಲುಗಳಿದ್ದವು. ಆದರೆ 2019ರ ಜುಲೈ 2ರಂದು ಅದು ಕಳಿಸಿದ್ದು ಸಾಫ್ಟ್‌ವೇರ್ ಅಲ್ಲ, ಭದ್ರತೆಯ ಒಂದು ನಿಯಮ. ನಿಯಮಗಳಿಗೆ ಆ ಮೆಟ್ಟಿಲುಗಳು ಇರಲಿಲ್ಲ, ತುರ್ತು ದಾಳಿಗಳನ್ನು ತಡೆಯಬೇಕಾದ್ದರಿಂದ ಅವು ನೇರ ಜಗತ್ತಿಗೆಲ್ಲ ಹೋಗುತ್ತಿದ್ದವು. ಆ ನಿಯಮ ಎಲ್ಲ ಸರ್ವರ್‌ಗಳ ಸಿಪಿಯುಗಳನ್ನು ನುಂಗಿಹಾಕಿತು, 27 ನಿಮಿಷ ಅಂತರ್ಜಾಲದ ದೊಡ್ಡ ಭಾಗ ಕತ್ತಲಾಯಿತು.

2024ರ ಜುಲೈ 19 ಬಹುತೇಕ ಎಲ್ಲರಿಗೂ ನೆನಪಿದೆ. ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9.39ಕ್ಕೆ ಕಂಪ್ಯೂಟರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಸಂಸ್ಥೆ ಒಂದು ಪುಟ್ಟ ಕಂಟೆಂಟ್ ಫೈಲ್ ಕಳಿಸಿತು. ತಪ್ಪು ತಿಳಿದು ಅದನ್ನು ಹಿಂದಕ್ಕೆ ಪಡೆದದ್ದು 10.57ಕ್ಕೆ. ಆ 78 ನಿಮಿಷದಲ್ಲಿ ಮೈಕ್ರೊಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನು ಹಿಡಿದು ಬರೆದುಕೊಟ್ಟರು. ತನ್ನ ಮುಖ್ಯ ಸಾಫ್ಟ್‌ವೇರ್‌ನ ಹೊಸ ಆವೃತ್ತಿಯನ್ನು ತಡವಾಗಿ ಪಡೆಯುವ ಅವಕಾಶವನ್ನು ಆ ಸಂಸ್ಥೆ ಗ್ರಾಹಕರಿಗೆ ಕೊಟ್ಟಿತ್ತು. ಈ ಫೈಲಿಗೆ ಆ ಕ್ರಮ ಅನ್ವಯಿಸುತ್ತಿರಲಿಲ್ಲ. ಹಿಂದಕ್ಕೆ ಪಡೆದರೂ ಫಲವಾಗಲಿಲ್ಲ, ಏಕೆಂದರೆ ಬಿದ್ದ ಯಂತ್ರ ಮತ್ತೆ ಎದ್ದು ಹೊಸ ಫೈಲ್ ಪಡೆಯುವ ಸ್ಥಿತಿಯಲ್ಲಿರಲಿಲ್ಲ. ಬಹುಪಾಲು ಯಂತ್ರಗಳ ಮುಂದೆ ಒಬ್ಬ ಮನುಷ್ಯ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಕಳಿಸುವ ದಾರಿಯೂ ಮರಳುವ ದಾರಿಯೂ ಒಂದೇ ಆಗಿದ್ದು, ಮೊದಲ ಹೆಜ್ಜೆಯಲ್ಲೇ ಆ ದಾರಿ ಕುಸಿದರೆ ಹೀಗಾಗುತ್ತದೆ. ಕಾನ್ಫಿಗರೇಶನ್, ನಿಯಮ, ಬೆಲೆಪಟ್ಟಿ, ಯಂತ್ರಕಲಿಕೆಯ ಮಾದರಿ, ಇವೆಲ್ಲ ಕೋಡ್ ಹೋಗುವ ಮೆಟ್ಟಿಲುಗಳಲ್ಲೇ ಹೋಗಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಶ್ಯಾಡೋ ಪದ್ಧತಿ ಇವುಗಳಲ್ಲಿ ಅಪರೂಪದ್ದು. ನಿಜವಾದ ಕೋರಿಕೆಯ ನಕಲನ್ನು ಹೊಸ ಆವೃತ್ತಿಗೂ ಕಳಿಸಿ, ಅದರ ಉತ್ತರವನ್ನು ಯಾರಿಗೂ ಕೊಡದೆ, ಹಳೆಯದರ ಉತ್ತರದೊಂದಿಗೆ ತಾಳೆ ನೋಡುವುದು. ಗಿಟ್‌ಹಬ್‌ನ ‘ಸೈಂಟಿಸ್ಟ್’ ಈ ವಿಚಾರವನ್ನು ಕೋಡಿನೊಳಗೇ ತಂದ ಸಾಧನ. ಬಡ್ಡಿ ಲೆಕ್ಕ, ತೆರಿಗೆ ಲೆಕ್ಕ, ಹುಡುಕಾಟ, ಹೀಗೆ ಓದಿ ಲೆಕ್ಕ ಹಾಕುವ ಭಾಗವನ್ನು ಪೂರ್ತಿ ಹೊಸದಾಗಿ ಬರೆದಾಗ ಇದಕ್ಕೆ ಸಮನಾದದ್ದಿಲ್ಲ. ಹಣ ವರ್ಗಾಯಿಸುವ ಭಾಗಕ್ಕೆ ಮಾತ್ರ ಇದನ್ನು ಹಾಗೇ ಹಾಕಬಾರದು. ಹಣ ಎರಡು ಸಲ ಹೋಗುತ್ತದೆ, ಗ್ರಾಹಕರಿಗೆ ಎಸ್‌ಎಂಎಸ್ ಎರಡು ಸಲ ಬರುತ್ತದೆ.

ಫೋನಿನ ಆ್ಯಪ್‌ಗಳ ಮಾತು ಬೇರೆ. ಅಲ್ಲಿ ರೋಲ್‌ಬ್ಯಾಕ್ ಎಂಬುದೇ ಇಲ್ಲ. ಜನರ ಫೋನಿಗೆ ಹೋದ ಆವೃತ್ತಿಯನ್ನು ನಾವು ಕಿತ್ತುಕೊಳ್ಳಲಾರೆವು, ಇನ್ನೂ ಹೊಸದೊಂದನ್ನು ಕಳಿಸಬಹುದು ಅಷ್ಟೇ, ಅದನ್ನು ಹಾಕಿಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು. ಆಪಲ್‌ನ ಹಂತಹಂತದ ಬಿಡುಗಡೆ ಏಳು ದಿನದ್ದು: ಶೇ 1, 2, 5, 10, 20, 50, 100. ಗೂಗಲ್ ಪ್ಲೇಯಲ್ಲಿ ಪ್ರಮಾಣವನ್ನು ನಾವೇ ಇಟ್ಟುಕೊಳ್ಳಬಹುದು, ನಡುವೆ ತಡೆಯಬಹುದು. ತಡೆಯುವುದು ಮರಳುವುದಲ್ಲ. ಹಾಗಾಗಿ ಆ್ಯಪ್ ಮಾಡುವವರಿಗೆ ಸರ್ವರ್ ಕಡೆಯಿಂದ ಆರಿಸಬಹುದಾದ ಫ್ಲ್ಯಾಗ್ ಅನಿವಾರ್ಯ, ಎರಡು ವರ್ಷ ಹಳೆಯ ಆ್ಯಪ್‌ಗೂ ಉತ್ತರ ಕೊಡುವ ಸರ್ವರ್ ಅದಕ್ಕಿಂತ ಅನಿವಾರ್ಯ.

ಹಾಗಾದರೆ ಯಾರಿಗೆ ಯಾವುದು? ನಾಲ್ಕೈದು ಜನರ ತಂಡವಾದರೆ ನಾನು ರೋಲಿಂಗ್ ಸಾಕು ಎನ್ನುತ್ತೇನೆ. ಅದರ ಜೊತೆಗೆ ಗಟ್ಟಿಯಾದ ರೆಡಿನೆಸ್ ಪರೀಕ್ಷೆ, ಅಪಾಯದ ಸೌಲಭ್ಯಗಳಿಗೆ ಮಾತ್ರ ಫ್ಲ್ಯಾಗ್, ಡೇಟಾಬೇಸ್‌ಗೆ ಹಿಗ್ಗಿಸಿ ಕುಗ್ಗಿಸುವ ಶಿಸ್ತು. ದೊಡ್ಡ ಕಂಪನಿಗಳಲ್ಲಿ ನೋಡಿದ್ದನ್ನೆಲ್ಲ ಮೊದಲ ವರ್ಷವೇ ತಂದುಕೊಳ್ಳುವ ತಂಡಗಳನ್ನು ಬಹಳ ನೋಡಿದ್ದೇನೆ. ಅವರ ಸಮಯವೆಲ್ಲ ಆ ಸಾಧನಗಳ ಆರೈಕೆಯಲ್ಲೇ ಕಳೆಯುತ್ತದೆ. ಹಣ ಕೈಬದಲಾಗುವ, ಒಂದು ನಿಮಿಷವೂ ನಿಲ್ಲಲಾಗದ ವ್ಯವಸ್ಥೆಗೆ ಬ್ಲೂ-ಗ್ರೀನ್ ಖರ್ಚು ಸಮರ್ಥನೀಯ. ಲಕ್ಷಗಟ್ಟಲೆ ಬಳಕೆದಾರರು ಬಂದ ಮೇಲೆ ಕ್ಯಾನರಿಗೆ ಅರ್ಥ ಬರುತ್ತದೆ. ಮೂಲ ಲೆಕ್ಕಾಚಾರವನ್ನೇ ಹೊಸದಾಗಿ ಬರೆದಾಗ ಶ್ಯಾಡೋ.

ಅಪರೂಪಕ್ಕೆ ಬಿಡುಗಡೆ ಮಾಡಿದರೆ ಸುರಕ್ಷಿತ ಎಂಬ ನಂಬಿಕೆ ನಮ್ಮ ಆಫೀಸುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ನಿಕೋಲ್ ಫೋರ್ಸ್‌ಗ್ರೆನ್, ಜೆಜ್ ಹಂಬಲ್ ಮತ್ತು ಜೀನ್ ಕಿಮ್ 2018ರಲ್ಲಿ ತಮ್ಮ ‘ಆ್ಯಕ್ಸಲರೇಟ್’ ಪುಸ್ತಕದಲ್ಲಿ ಹಲವು ವರ್ಷಗಳ ಸಮೀಕ್ಷೆಯ ಆಧಾರದಲ್ಲಿ ತೋರಿಸಿದ್ದು ಇದಕ್ಕೆ ವಿರುದ್ಧ: ಮೇಲಿಂದ ಮೇಲೆ ಬಿಡುವ ತಂಡಗಳೇ ಕಡಿಮೆ ಕೆಡಿಸುತ್ತವೆ, ಕೆಟ್ಟದ್ದನ್ನು ಬೇಗ ಸರಿ ಮಾಡುತ್ತವೆ. ಕಾರಣ ಸರಳ. ಮೂರು ತಿಂಗಳ ಬದಲಾವಣೆಗಳನ್ನು ಒಂದೇ ರಾತ್ರಿ ಬಿಟ್ಟರೆ ಯಾವುದು ಕೆಡಿಸಿತು ಎಂದು ಹುಡುಕುವುದೇ ಒಂದು ದಿನದ ಕೆಲಸ. ಶುಕ್ರವಾರ ಸಂಜೆ ಬಿಡಬೇಡಿ ಎಂಬ ನಿಯಮವನ್ನು ನಾನು ಒಪ್ಪುತ್ತೇನೆ, ರಾತ್ರಿ ಒಂದು ಗಂಟೆಗೆ ಬಿಡುವುದನ್ನು ಅದಕ್ಕಿಂತ ಗಟ್ಟಿಯಾಗಿ ವಿರೋಧಿಸುತ್ತೇನೆ. ನಿದ್ದೆಗಣ್ಣಿನ ತೀರ್ಮಾನ ಏನು ಮಾಡುತ್ತದೆ ಎಂಬುದನ್ನು ದಾವಣಗೆರೆಯ ಆ ಬೆಳಗ್ಗೆ ಕಂಡಿದ್ದೇನೆ.

ಪೈಸೆಯ ಕೆಲಸವನ್ನು ಆಮೇಲೆ ಮತ್ತೆ ಶುರುಮಾಡಿದೆವು. ಹೊಸ ಕಾಲಂ ಸೇರಿಸಿದೆವು, ಎರಡರಲ್ಲೂ ಬರೆದೆವು, ದಿನವೂ ತಾಳೆ ನೋಡಿದೆವು. ಮೂರನೆಯ ವಾರ ಹನ್ನೊಂದು ಸಾಲುಗಳು ಹೊಂದಲಿಲ್ಲ, ಹುಡುಕಿದರೆ ರಿಯಾಯಿತಿ ಹಾಕುವ ಒಂದು ಪರದೆ ಹಳೆಯ ಕಾಲಂ ಅನ್ನು ಮಾತ್ರ ತಿದ್ದುತ್ತಿತ್ತು. ಅದನ್ನು ಸರಿ ಮಾಡಿ ಮತ್ತೆ ಕಾದೆವು. ಮೊದಲು ಎಂಟು ಅಂಗಡಿಗಳಿಗೆ ಹೊಸದನ್ನು ಓದಲು ಬಿಟ್ಟೆವು, ಅವುಗಳಲ್ಲಿ ದಾವಣಗೆರೆಯದೂ ಒಂದು, ಅವರನ್ನು ಮೊದಲೇ ಕೇಳಿ. ಹಳೆಯ ಕಾಲಂ ಅಳಿಸಿದ್ದು ಶುರುಮಾಡಿದ ಐದು ತಿಂಗಳಿಗೆ, ಒಂದು ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ, ಇಡೀ ತಂಡ ತಮ್ಮ ತಮ್ಮ ಸೀಟಿನಲ್ಲಿದ್ದಾಗ.